ಮೊದಲ ರಕ್ತಕ್ಕೇ ನಿಲ್ಲುವ ವಜ್ರಮುಷ್ಟಿ

ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ಜಟ್ಟಿ ಕಾಳಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಅಂದರೆ ಮನೆತನದಿಂದ ಬಂದ ಮಲ್ಲರು, ತಮ್ಮ ದೇವತೆ ನಿಂಬಜಾದೇವಿಗೆ ಕೈಮುಗಿದು, ಬಲಗೈಗೆ ವಜ್ರಮುಷ್ಟಿ ಎಂಬ ಮೊನೆಯುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡಿತೋ, ಕಾಳಗ ಅಲ್ಲಿಗೇ ನಿಂತಿತು. ರಾಜವಂಶಸ್ಥರ ವಿಜಯಯಾತ್ರೆ ಹೊರಡುವುದು ಆಮೇಲೆ.

ಇದನ್ನು ಬರೀ ಶಾಸ್ತ್ರಕ್ಕೆ ಮಾಡುವ ಆಟ ಎನ್ನುವವರು ಇದರ ಹಿಂದಿನ ಚರಿತ್ರೆಯನ್ನು ನೋಡಬೇಕು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರವಾಗಿ ಬರೆದಿಟ್ಟ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಲ್ಲರ ಗುದ್ದಿಗೆ ಹಲ್ಲು ಮುರಿದು ಕಣ್ಣು ಹೋಗುತ್ತಿದ್ದುದನ್ನು ದಾಖಲಿಸಿದ. ಆ ಹಬ್ಬವನ್ನೇ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು.

ಹಾಗಾದರೆ ಇಷ್ಟು ಉಗ್ರವಾದ ವಿದ್ಯೆಗೆ ಲಗಾಮು ಬಿದ್ದದ್ದು ಎಲ್ಲಿ? ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಪುಸ್ತಕದಲ್ಲಿ ಕೊಟ್ಟಿರುವ ಒಂದು ವಿವರ ಇದಕ್ಕೆ ಉತ್ತರದಂತಿದೆ. ಆಗಿನ ವಜ್ರಮುಷ್ಟಿ ಎಮ್ಮೆಯ ಕೊಂಬಿನದು. ಬೆರಳಿನ ಗೆಣ್ಣುಗಳ ಹಾಗೆ ನಾಲ್ಕು ಚೂಪು ಮೊನೆ, ಕಿರುಬೆರಳಿನ ಕಡೆಗೆ ಉದ್ದನೆಯ ಐದನೆಯದು. ಸರಿಯಾಗಿ ಹಿಡಿದರೆ ಒಂದೇ ಏಟಿಗೆ ತಲೆ ಸೀಳಬಹುದಿತ್ತು. ಆದರೆ ಜಟ್ಟಿಗಳು ಅದನ್ನು ಮುಷ್ಟಿಯ ಬುಡಕ್ಕೆ ಸಿಕ್ಕಿಸದೆ, ಬೆರಳಿನ ಗೆಣ್ಣುಗಳ ನಡುವೆ ಕಟ್ಟುತ್ತಿದ್ದರು. ಸಿಟ್ಟಿನಲ್ಲಿ ಬಲವಾಗಿ ಗುದ್ದಿದವನ ಬೆರಳೇ ಕೀಲು ತಪ್ಪುವ ಏರ್ಪಾಡು ಅದು. ಸಂಯಮವನ್ನು ಉಪದೇಶಕ್ಕೆ ಬಿಡದೆ ಕಟ್ಟುವ ರೀತಿಯಲ್ಲೇ ಇಟ್ಟ ಈ ಬುದ್ಧಿವಂತಿಕೆಗೆ ತಲೆದೂಗಲೇಬೇಕು.

ಉಗ್ರ ವಿದ್ಯೆಗೆ ಲಗಾಮು ಹಾಕುವ ಇದೇ ಪ್ರಶ್ನೆಗೆ ಜಪಾನಿನ ಸಮರಕಲೆ ಐಕಿಡೊ ಬೇರೆ ದಾರಿ ಹಿಡಿಯಿತು. ಅದರ ಸ್ಥಾಪಕ ಮೊರಿಹೇ ಉಯೆಶಿಬಾ 1915ರಲ್ಲಿ ಹೊಕ್ಕೈಡೊದಲ್ಲಿ ಸೊಕಾಕು ತಕೆಡಾ ಬಳಿ ಕಲಿಯತೊಡಗಿದ್ದು ಕೀಲು ಮುರಿಯಬಲ್ಲ ಪಟ್ಟುಗಳನ್ನು. ಆಮೇಲೆ ಒಮೊಟೊ ಧಾರ್ಮಿಕ ಪಂಥದ ಪ್ರಭಾವದಲ್ಲಿ ಎದುರಾಳಿಯನ್ನೂ ಕಾಯುವುದೇ ಗುರಿಯೆಂದ. ಅವನ ಶಿಷ್ಯರ ದಾರಿ ಮಾತ್ರ ಒಂದಾಗಲಿಲ್ಲ. ಕೆಂಜಿ ತೊಮಿಕಿ ಸ್ಪರ್ಧೆ ತಂದ, ಗೊಜೊ ಶಿಯೊಡಾ ಬಿಗಿ ಪಟ್ಟುಗಳ ಯೊಶಿಂಕನ್ ಶಾಖೆ ಕಟ್ಟಿದ. ಸ್ಪರ್ಧೆಯಿಲ್ಲದ ಅಭ್ಯಾಸ ನಿಜದ ಜಗಳಕ್ಕೆ ಒದಗೀತೇ ಎಂಬ ವಾದ ಇಂದಿಗೂ ತಣ್ಣಗಾಗಿಲ್ಲ.

ತತ್ವದ ಕಡೆಗೇ ಪೂರ್ತಿ ವಾಲಿದ ಉದಾಹರಣೆಗೆ ಜಪಾನಿನವರೆಗೆ ಹೋಗಬೇಕಿಲ್ಲ. ಘಟ್ಟ ಇಳಿದರೆ ತುಳುನಾಡು, ಅವಳಿ ವೀರರಾದ ಕೋಟಿ ಚೆನ್ನಯರ ಗರಡಿಗಳ ನಾಡು. ಸಾಮು ತೆಗೆಯುವ ತಾಣದ ಹೆಸರು ಹೊತ್ತ ಆ ಗರಡಿಗಳು ಇಂದು ದೈವಸ್ಥಾನಗಳು. ದೈವದ ಉತ್ಸವವಾದ ನೇಮದಲ್ಲಿ ಆ ವೀರರ ಸುರಿಯ ಎಂಬ ಕಿರುಗತ್ತಿ ಹೊರಬರುತ್ತದೆ, ಮೈಮೇಲೆ ದೈವ ಬರುವ ದರ್ಶನಪಾತ್ರಿಗಳು ಅದನ್ನು ಎದೆಗೊತ್ತಿಕೊಳ್ಳುತ್ತಾರೆ. ಎದುರಾಳಿ ಯಾರೂ ಇಲ್ಲ. ಭಕ್ತಿ ಉಳಿದಿದೆ, ಜೋಡಿ ಕಟ್ಟಿ ಕಾದಾಡುವ ವಿದ್ಯೆ ಉಳಿದಿಲ್ಲ.

ಅರಮನೆಯ ಕಾಳಗಕ್ಕೆ ಹಾಗಾಗಲು ಬಿಡಬಾರದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದ ಆಯ್ಕೆಯಾಗಿ ಬರುವವರಿಗೆ ಪೂಜೆಯ ಕ್ರಮ ತಿಳಿದಿದ್ದರೆ ಸಾಲದು, ಎದುರಾಳಿಯ ಬಲಗೈ ತಡೆಯಲೂ ಬರಬೇಕು. ಅದಕ್ಕೆ ದಸರೆಯ ವಾರದ ತಾಲೀಮು ಏನೇನೂ ಸಾಕಾಗದು. ವರ್ಷವಿಡೀ ತೆರೆದಿರುವ ಗರಡಿ ಬೇಕು, ಪಟ್ಟು ತಿದ್ದುವ ಉಸ್ತಾದರು ಬೇಕು.