ಗರಿಯ ಚೆಲುವು, ಹಕ್ಕಿಯ ಬಾಳು

ರೋಣ, ಗಜೇಂದ್ರಗಡ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ನವಣೆ ಒಂದು ಕಾಲಕ್ಕೆ ಬಡವರ ಅನ್ನವಾಗಿತ್ತು. ಈಗ ಅದು ಸಿರಿಧಾನ್ಯ ಎಂಬ ಹೊಸ ಹೆಸರು ಹೊತ್ತು ಪಟ್ಟಣದ ಅಂಗಡಿಗಳನ್ನು ಸೇರಿದೆ. ಇದೇ ನವಣೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಅವರು ಮನೆಯಲ್ಲಿ ‘ಲವ್ ಬರ್ಡ್ಸ್’ ಸಾಕಿದವರು. ಹಸಿರು, ಹಳದಿ, ನೀಲಿ, ಬಿಳಿ ಬಣ್ಣಗಳ, ಅಂಗೈಯಲ್ಲಿ ಕೂರುವಷ್ಟು ಪುಟ್ಟದಾದ ಈ ಹಕ್ಕಿಗಳನ್ನು ನೋಡಿ ‘ನಮಗೂ ಒಂದು ಜೋಡಿ ಬೇಕು’ ಎಂದು ಹಟ ಹಿಡಿಯದ ಮಕ್ಕಳು ಕಡಿಮೆ.

ನಮ್ಮವರು ಲವ್ ಬರ್ಡ್ಸ್ ಎಂದು ಕರೆಯುವ ಈ ಹಕ್ಕಿ ನಿಜವಾಗಿ ಲವ್ ಬರ್ಡ್ ಅಲ್ಲ. ಆ ಹೆಸರಿನ ಹಕ್ಕಿಗಳು ಆಫ್ರಿಕಾ ಖಂಡದವು. ಇದರ ಹೆಸರು ಬಜರಿಗರ್, ತವರು ಆಸ್ಟ್ರೇಲಿಯ. ಅಲ್ಲಿಯ ಒಣ ಬಯಲುಗಳಲ್ಲಿ ಮಳೆ ಬಿದ್ದ ಕಡೆ, ಹುಲ್ಲು ಬೀಜ ಕಟ್ಟಿದ ಕಡೆ ದೊಡ್ಡ ದೊಡ್ಡ ಹಿಂಡುಗಳಲ್ಲಿ ಅಲೆಯುವ ಗಿಳಿ ಜಾತಿಯ ಹಕ್ಕಿ ಇದು. ಕಾಡಿನ ಬಜರಿಗರ್‌ಗೆ ಒಂದೇ ಬಣ್ಣ: ಹಸಿರು ಮೈ, ಹಳದಿ ಮುಖ, ಬೆನ್ನ ಮೇಲೆ ಕಪ್ಪು ಗೆರೆಗಳು. ಉದ್ದ ಸುಮಾರು 18 ಸೆಂ.ಮೀ. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಯುರೋಪಿನ ಮನೆಮನೆಗಳಲ್ಲಿ ಪಂಜರಗಳು ತೂಗಾಡತೊಡಗಿದವು.

ಪಂಜರದಿಂದ ಪ್ರದರ್ಶನಕ್ಕೆ

ಸಾಕುವವರು ಹೆಚ್ಚಿದಂತೆ ಸ್ಪರ್ಧೆಯೂ ಹುಟ್ಟಿತು. ಯಾರ ಹಕ್ಕಿ ಚೆಂದ? ಇದನ್ನು ತೀರ್ಮಾನಿಸಲು ಒಂದು ಅಳತೆ ಬೇಕಲ್ಲವೇ? 1925ರಲ್ಲಿ ಬ್ರಿಟನ್ನಿನಲ್ಲಿ ಬಜರಿಗರ್ ಪ್ರಿಯರ ಸಂಘ ಸ್ಥಾಪನೆಯಾಯಿತು. ಪ್ರದರ್ಶನದ ಹಕ್ಕಿ ಹೇಗಿರಬೇಕೆಂಬ ಮಾನದಂಡ ಅಕ್ಷರದಲ್ಲೂ ಚಿತ್ರದಲ್ಲೂ ರೂಪುಗೊಂಡಿತು. ನೆತ್ತಿಯಿಂದ ಬಾಲದ ತುದಿಯವರೆಗೆ ಎಂಟೂವರೆ ಅಂಗುಲ, ಅಂದರೆ 21.6 ಸೆಂ.ಮೀ. ಉದ್ದ, ಅಗಲವಾದ ದುಂಡು ತಲೆ, ಕತ್ತಿನ ಕೆಳಗೆ ಒಂದೇ ಗಾತ್ರದ ಆರು ದುಂಡು ಕಪ್ಪು ಚುಕ್ಕಿಗಳು, ಕೂರುವ ಕೋಲಿನ ಮೇಲೆ 30 ಡಿಗ್ರಿಯಷ್ಟು ಓರೆಯಾದ ಗಂಭೀರ ನಿಲುವು. ಈ ಒಟ್ಟು ಆಕಾರಕ್ಕೆ ಹವ್ಯಾಸಿಗಳು ‘ಟೈಪ್’ ಎನ್ನುತ್ತಾರೆ.

ಈ ಮಾತು ನಮಗೆ ತೀರ ಹೊಸದೇನಲ್ಲ. ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ನಾಗಕುಂಡಗಳನ್ನು ನೋಡಿದವರಿಗೆ ಅಳತೆಯ ಮಹತ್ವ ಗೊತ್ತು. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವನ್ನು ಒಂದು ತಾಳ ಎಂದು ಹಿಡಿದು, ಅದರಿಂದ ಇಡೀ ವಿಗ್ರಹದ ಎತ್ತರ, ಅಂಗಾಂಗಗಳ ಪ್ರಮಾಣ ಗೊತ್ತುಮಾಡುವ ತಾಳಮಾನ ಪದ್ಧತಿ ಇದೆ. ಪ್ರದರ್ಶನದ ಬಜರಿಗರ್‌ಗೆ ಬರೆದಿಟ್ಟ ಮಾನದಂಡವೂ ಒಂದು ತಾಳಮಾನವೇ. ವ್ಯತ್ಯಾಸ ಇಷ್ಟೇ: ಶಿಲ್ಪಿಯ ಕೈಯಲ್ಲಿ ಕಲ್ಲಿದೆ, ಸಾಕುವವನ ಕೈಯಲ್ಲಿ ಜೀವವಿದೆ. ಈ ಸಣ್ಣ ವ್ಯತ್ಯಾಸದಲ್ಲೇ ಹಕ್ಕಿಯ ಬಾಳೆಲ್ಲ ಅಡಗಿದೆ.

ಬಿಗಿ ಗರಿ, ಸಡಿಲ ಗರಿ

ಪ್ರದರ್ಶನದ ಹಕ್ಕಿ ಪಕ್ಕದ ಮನೆಯ ಹಕ್ಕಿಗಿಂತ ಎರಡರಷ್ಟು ದಪ್ಪ ಕಾಣುತ್ತದೆ. ಮೈ ನಿಜವಾಗಿಯೂ ದೊಡ್ಡದೇ. ಆದರೆ ಆ ಠೀವಿಯ ಬಹುಪಾಲು ಗರಿಯದು! ಬಜರಿಗರ್ ಗರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಗಿಡ್ಡ, ಕಿರಿದು, ಮೈಗೆ ಬಿಗಿಯಾಗಿ ಅಂಟಿ ಕೂರುವಂಥದ್ದು. ಇದರಲ್ಲಿ ಬಣ್ಣ ಗಾಢವಾಗಿ ಹೊಳೆಯುತ್ತದೆ. ಇನ್ನೊಂದು ಉದ್ದ, ಅಗಲ, ಮೃದು. ಹತ್ತಿಯಂತೆ ಉಬ್ಬಿ ಹಕ್ಕಿಯನ್ನು ದೊಡ್ಡದಾಗಿ ತೋರಿಸುತ್ತದೆ. ಬಣ್ಣ ಮಾತ್ರ ತುಸು ಮಂಕು. ಹವ್ಯಾಸಿಗಳು ಮೊದಲನೆಯದಕ್ಕೆ ‘ಯೆಲ್ಲೊ’, ಎರಡನೆಯದಕ್ಕೆ ‘ಬಫ್’ ಎನ್ನುತ್ತಾರೆ. ಈ ಹೆಸರುಗಳಿಗೂ ಹಕ್ಕಿಯ ಬಣ್ಣಕ್ಕೂ ಸಂಬಂಧವಿಲ್ಲ. ನೀಲಿ ಹಕ್ಕಿಯ ಗರಿಯೂ ‘ಯೆಲ್ಲೊ’ ಆಗಿರಬಹುದು.

ಬಿಗಿ ಗರಿಯ ಹಕ್ಕಿಗೆ ಬಿಗಿ ಗರಿಯದನ್ನೇ ಜೋಡಿ ಮಾಡುತ್ತ ಹೋದರೆ ಮರಿಗಳು ಹೊಳಪಾಗಿದ್ದರೂ ತಲೆ ಚಿಕ್ಕದು, ಮೈ ತೆಳು. ಸಡಿಲ ಗರಿಗೆ ಸಡಿಲ ಗರಿಯನ್ನೇ ಜೋಡಿಸುತ್ತ ಹೋದರೆ ಮೊದಲೊಂದೆರಡು ತಲೆಮಾರು ಭಾರಿ ಹಕ್ಕಿಗಳು ಬಂದಾವು. ಆಮೇಲೆ ಹೊದಿಕೆ ಒರಟಾಗಿ, ಗರಿ ಕಣ್ಣಿನ ಮೇಲೆ ಬಿದ್ದು, ನಿಲುವೇ ಕೆಡುತ್ತದೆ. ಅನುಭವಿಗಳ ಜಾಣತನ ಇರುವುದು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದರಲ್ಲಿ. ಎರಡು ಹಕ್ಕಿಗಳಿಗೂ ಒಂದೇ ದೋಷವಿದ್ದರೆ ಆ ಜೋಡಿ ಬೇಡ ಎಂಬುದು ಅವರ ಮೊದಲ ಪಾಠ.

ಪಂಜರದೊಳಗೆ ಮೆಂಡಲ್

ಹತ್ತನೇ ತರಗತಿಯ ವಿದ್ಯಾರ್ಥಿಗಳು ಮೆಂಡಲ್‌ನ ಬಟಾಣಿ ಗಿಡಗಳ ಬಗ್ಗೆ ಓದುತ್ತಾರೆ. ಅದೇ ಪಾಠ ಈ ಪಂಜರದಲ್ಲಿ ಕಣ್ಣಿಗೆ ಕಾಣುತ್ತದೆ. ಬಜರಿಗರ್‌ನ ಹಸಿರು ಒಂದೇ ಬಣ್ಣವಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ. ಅದರ ಮೇಲೆ ಹಳದಿ ವರ್ಣದ್ರವ್ಯ ಸೇರಿದಾಗ ನಮಗೆ ಹಸಿರು ಕಾಣುತ್ತದೆ. ಹಳದಿ ತಯಾರಾಗದ ಹಕ್ಕಿ ನೀಲಿ! ಆ ಹಳದಿಯನ್ನು ತಯಾರಿಸುವ ವಂಶವಾಹಿ ಯಾವುದು, ಅದರಲ್ಲಿ ಎಷ್ಟು ಸಣ್ಣ ಬದಲಾವಣೆಯಾದರೆ ಹಕ್ಕಿ ನೀಲಿಯಾಗುತ್ತದೆ ಎಂಬುದನ್ನು 2017ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು.

ಹಸಿರು ಪ್ರಬಲ ಗುಣ, ನೀಲಿ ದುರ್ಬಲ ಗುಣ. ಹೊರಗೆ ಹಸಿರಾಗಿದ್ದು ಒಳಗೆ ನೀಲಿಯನ್ನು ಬಚ್ಚಿಟ್ಟುಕೊಂಡ ಎರಡು ಹಕ್ಕಿಗಳು ಜೋಡಿಯಾದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ನೀಲಿ. ಕೆಂಪು ಕಣ್ಣಿನ ಹಳದಿ ಹಕ್ಕಿ ಲುಟಿನೊದ ಕತೆ ಇನ್ನೂ ಸ್ವಾರಸ್ಯದ್ದು. ಅದರ ಗುಣ ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲಿದೆ. ಲುಟಿನೊ ಗಂಡಿಗೆ ಹಸಿರು ಹೆಣ್ಣನ್ನು ಜೋಡಿ ಮಾಡಿದರೆ ಹೆಣ್ಣುಮರಿಗಳೆಲ್ಲ ಹಳದಿ, ಗಂಡುಮರಿಗಳೆಲ್ಲ ಹಸಿರು. ಮರಿ ಗೂಡಿನಲ್ಲಿರುವಾಗಲೇ ಗಂಡೋ ಹೆಣ್ಣೋ ಹೇಳಬಹುದು!

ಆದರೆ ಗಾತ್ರ, ತಲೆಯ ಅಗಲ, ಗರಿಯ ಉದ್ದ ಹೀಗೆ ಲೆಕ್ಕಕ್ಕೆ ಸಿಗುವುದಿಲ್ಲ. ಇವುಗಳ ಹಿಂದೆ ಅನೇಕ ವಂಶವಾಹಿಗಳ ಕೈವಾಡವಿದೆ. ಆದ್ದರಿಂದಲೇ ಬಣ್ಣ ತರಿಸಲು ಒಂದೆರಡು ವರ್ಷ ಸಾಕು, ಟೈಪ್ ತರಿಸಲು ಹತ್ತಾರು ವರ್ಷ ಬೇಕು. ಅವಸರಪಟ್ಟವರು ಹತ್ತಿರದ ರಕ್ತಸಂಬಂಧದ ಹಕ್ಕಿಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಾರೆ. ಆಗ ಬೇಕಾದ ಗುಣದ ಜೊತೆಗೆ ಅಡಗಿ ಕುಳಿತ ದೋಷಗಳೂ ಹೊರಬರುತ್ತವೆ.

ಚೆಲುವಿಗೆ ತೆತ್ತ ಬೆಲೆ

ಪ್ರದರ್ಶನದ ತಳಿಗಳಲ್ಲಿ ಕೆಲವೊಮ್ಮೆ ಒಂದು ವಿಚಿತ್ರ ಮರಿ ಹುಟ್ಟುತ್ತದೆ. ಅದರ ಗರಿಗಳು ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಸುರುಳಿ ಸುರುಳಿಯಾದ ಗರಿ ಕಣ್ಣು ಮುಚ್ಚಿ, ಇಡೀ ಹಕ್ಕಿ ಧೂಳು ಹೊಡೆಯುವ ಪುಕ್ಕದ ಪೊರಕೆಯಂತೆ ಕಾಣುತ್ತದೆ. ಹವ್ಯಾಸಿಗಳು ಅದನ್ನು ‘ಫೆದರ್ ಡಸ್ಟರ್’ ಎಂದೇ ಕರೆಯುತ್ತಾರೆ. ಅದು ಹಾರಲಾರದು. ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಸಾಯುತ್ತದೆ. ಇದನ್ನು ಆನುವಂಶಿಕ ದೋಷವೆಂದೇ ಪರಿಗಣಿಸಲಾಗಿದೆ.

ಇಷ್ಟು ವಿಪರೀತಕ್ಕೆ ಹೋಗದ ಹಕ್ಕಿಗಳಿಗೂ ಕಷ್ಟ ತಪ್ಪಿದ್ದಲ್ಲ. ಹಿಂಭಾಗದ ದಟ್ಟ ಗರಿಗಳಿಂದಾಗಿ ಜೋಡಿಗಳು ಸರಿಯಾಗಿ ಕೂಡಲಾರವು, ಮೊಟ್ಟೆ ಬರಿದಾಗುತ್ತದೆ. ಅದಕ್ಕಾಗಿ ಜೋಡಿ ಮಾಡುವ ಮೊದಲು ಅಲ್ಲಿಯ ಗರಿ ಕತ್ತರಿಸುವುದು ರೂಢಿ. ಬಹುಮಾನ ಗೆದ್ದ ಭಾರಿ ಹಕ್ಕಿಗಿಂತ ಬೀದಿಯಂಗಡಿಯ ಸಣಕಲು ಹಕ್ಕಿಯೇ ಹೆಚ್ಚು ಮರಿ ಮಾಡುತ್ತದೆ, ಚುರುಕಾಗಿ ಹಾರುತ್ತದೆ, ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ.

ಇಲ್ಲಿ ಸೂಡಿಯಿಂದ ಬಹಳ ದೂರವಿಲ್ಲದ ಮುಧೋಳದ ನಾಯಿಯನ್ನು ನೆನೆಯಬಹುದು. ತೆಳು ಸೊಂಟ, ಆಳವಾದ ಎದೆ, ಉದ್ದ ಕಾಲುಗಳ ಈ ಬೇಟೆನಾಯಿಗೂ ಒಂದು ‘ಟೈಪ್’ ಇದೆ. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ಈ ತಳಿಯ ಸಂವರ್ಧನೆಗೆ ಬೀದರಿನ ಪಶು ವಿಶ್ವವಿದ್ಯಾಲಯದ ಕೇಂದ್ರವೊಂದು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಮುಧೋಳ ನಾಯಿಯ ರೂಪ ಬಂದದ್ದು ಓಟದಿಂದ. ಓಡಲಾರದ ನಾಯಿಯನ್ನು ಬೇಟೆಗಾರ ತಳಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅಲ್ಲಿ ರೂಪಕ್ಕೆ ಕೆಲಸವೇ ಕಡಿವಾಣ. ಪ್ರದರ್ಶನದ ಹಕ್ಕಿಗೆ ಅಂಥ ಕಡಿವಾಣವಿಲ್ಲ. ಸಾಕುವವನ ವಿವೇಕವೇ ಆ ಕೆಲಸ ಮಾಡಬೇಕು.

ಮನೆಯಲ್ಲೇ ಪಾಠಶಾಲೆ

ಮಕ್ಕಳು ಹಕ್ಕಿ ಕೇಳಿದಾಗ ತಂದೆತಾಯಂದಿರು ಅದನ್ನು ಆಟಿಕೆಯಂತೆ ತಂದುಕೊಡಬಾರದು. ಮೊದಲು ಒಂದು ನೋಟ್‌ಬುಕ್ ತರಲಿ. ಯಾವ ಬಣ್ಣದ ಗಂಡು, ಯಾವ ಬಣ್ಣದ ಹೆಣ್ಣು, ಮೊದಲ ಮೊಟ್ಟೆ ಇಟ್ಟ ದಿನ, ಮರಿ ಒಡೆದ ದಿನ, ಮರಿಗಳ ಬಣ್ಣ: ಎಲ್ಲವನ್ನೂ ಮಗು ಬರೆದಿಡಲಿ. ಹೆಣ್ಣು ದಿನ ಬಿಟ್ಟು ದಿನ ಒಂದರಂತೆ ನಾಲ್ಕಾರು ಮೊಟ್ಟೆ ಇಡುತ್ತದೆ. ಸುಮಾರು 18 ದಿನ ಕಾವು. ಸುಮಾರು ಐದು ವಾರಕ್ಕೆ ಮರಿ ಗಡಿಗೆಯಿಂದ ಹೊರಬರುತ್ತದೆ. ಒಂದೇ ಗೂಡಿನ ಅಣ್ಣತಂಗಿಯರನ್ನು ಜೋಡಿ ಮಾಡಬಾರದು, ವರ್ಷ ತುಂಬದ ಹಕ್ಕಿಗೆ ಗಡಿಗೆ ಕಟ್ಟಬಾರದು, ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು. ಬರಿಯ ನವಣೆ, ಬರಗು ಸಾಲದು. ತೊಳೆದ ಸೊಪ್ಪು, ಶುದ್ಧ ನೀರು, ರೆಕ್ಕೆ ಬಿಚ್ಚಿ ಹಾರುವಷ್ಟು ಜಾಗ ಬೇಕು. ಇನ್ನೊಂದು ಎಚ್ಚರಿಕೆ: ಬಜರಿಗರ್ ಹೊರದೇಶದ, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಹಕ್ಕಿ. ನಮ್ಮ ಹೊಲಗಳ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಒಂದೆರಡು ವರ್ಷ ಹೀಗೆ ಬರೆದಿಟ್ಟ ಮಗುವಿಗೆ ಅನುವಂಶೀಯತೆಯ ಪಾಠ ಬಾಯಿಪಾಠ ಮಾಡುವ ಅಗತ್ಯ ಬೀಳದು. ಅದಕ್ಕಿಂತ ದೊಡ್ಡ ಲಾಭವೂ ಇದೆ. ಯಾವ ಹಕ್ಕಿಯನ್ನು ಮುಂದಿನ ತಲೆಮಾರಿಗೆ ಉಳಿಸಿಕೊಳ್ಳಬೇಕು ಎಂದು ಆರಿಸುವ ಹೊತ್ತಿಗೆ ಅದು ಬರಿಯ ಗರಿಯನ್ನು ನೋಡುವುದಿಲ್ಲ. ಚೆನ್ನಾಗಿ ಹಾರುತ್ತದೆಯೇ, ಮರಿಗಳಿಗೆ ಗುಟುಕು ಕೊಡುತ್ತದೆಯೇ, ರೋಗವಿಲ್ಲದೆ ಬಾಳುತ್ತದೆಯೇ ಎಂದು ಮೊದಲು ನೋಡುತ್ತದೆ. ಗರಿಯ ಚೆಲುವಿಗೆ ಅಂಕ ಕೊಡಬೇಕಾದದ್ದು ಆಮೇಲೆ.