ಅಂದಿನ ಹೂವು ಅಂದೇ ತಲುಪಬೇಕಾದರೆ

ಸಿದ್ದಾಪುರವೆಂದೊಡನೆ ನಮ್ಮ ಬೆಳೆಗಾರ ಬಾಂಧವರಿಗೆ ಕೊಡಗಿನ ಸಿದ್ದಾಪುರ ನೆನಪಾಗುವುದು ಸಹಜ. ಆದರೆ ತೋಟದ ಮನೆಯ ಅಂಗಳಕ್ಕೆ ಹೂಗಿಡ ತರಬೇಕಾದಾಗ ನಮ್ಮಲ್ಲಿ ಹಲವರು ಹೋಗುವುದು ಬೆಂಗಳೂರಿನ ಸಿದ್ದಾಪುರಕ್ಕೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿನ ಮಗ್ಗುಲಲ್ಲಿ, ಜಯನಗರಕ್ಕೆ ತಾಗಿಕೊಂಡಿರುವ ಈ ಬಡಾವಣೆ ನರ್ಸರಿಗಳಿಗೆ ಹೆಸರಾದದ್ದು. ಅಲ್ಲಿಂದ ತಂದ ಸಸಿ ದಾರಿಯಲ್ಲಿ ಒಂದು ದಿನ ತಡವಾದರೂ ಕೆಡುವುದಿಲ್ಲ. ಅದಕ್ಕೆ ಬೇರಿದೆ, ಮಣ್ಣಿದೆ. ಕೊಯ್ದ ಹೂವಿಗೆ ಇವೆರಡೂ ಇಲ್ಲ. ಅದರ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕು.

ಮಡಿಕೇರಿಯಂಥ ಗುಡ್ಡದ ಊರಿಗೆ ಪೇಟೆಯ ಹೂವು ಬೆಂಗಳೂರಿನಿಂದ ಬರಬೇಕಾದರೆ ಸುಮಾರು 260 ಕಿಲೋಮೀಟರ್ ದಾರಿ. ಮದುವೆಯ ಹೂವಿಗೆ ತಿಂಗಳ ಮೊದಲೇ ಹೇಳಿಡಬಹುದು. ಸಾವಿನ ಮನೆಗೆ ಹಾಗೆ ಹೇಳಿಡಲಾಗದು. ಬೆಳಿಗ್ಗೆ ಸುದ್ದಿ ಬಂದರೆ ಮಧ್ಯಾಹ್ನಕ್ಕೆ ಹಾರ ಬೇಕು. ಊರಿನಲ್ಲೇ ಹೂವು ಸಿಗುವ ಏರ್ಪಾಡಿನ ಅಗತ್ಯ ಗೊತ್ತಾಗುವುದು ಆಗಲೇ.

ಹೂವು ಬಾಡುವುದೇಕೆ? ಕೊಯ್ದ ಮೇಲೂ ಅದು ಉಸಿರಾಡುತ್ತಿರುತ್ತದೆ. ಚೀಲದಲ್ಲಿ ಒತ್ತಿ ತುಂಬಿದರೆ ಆ ಉಸಿರಿನ ಬಿಸಿಯೇ ಅದನ್ನು ಬೇಯಿಸುತ್ತದೆ. ಕತ್ತರಿಸಿದ ದಂಟಿನ ನಾಳದೊಳಗೆ ಗಾಳಿ ಹೊಕ್ಕರೆ ನೀರು ಮೇಲೇರದು. ಆದ್ದರಿಂದ ನೀರಿಗಿಡುವ ಮೊದಲು ದಂಟಿನ ತುದಿಯನ್ನು ಮತ್ತೆ ಒಂದಂಗುಲ ಕತ್ತರಿಸಬೇಕು. ಹಣ್ಣಾಗುತ್ತಿರುವ ಬಾಳೆಗೊನೆಯ ಪಕ್ಕದಲ್ಲಿ ಹೂವನ್ನು ಇಡಲೇಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಹಲವು ಹೂಗಳನ್ನು ಬೇಗ ಮುದಿಯಾಗಿಸುತ್ತದೆ.

ಎಲ್ಲ ಹೂವಿಗೂ ಒಂದೇ ನಿಯಮವಲ್ಲ. ಗುಲಾಬಿಯನ್ನು ಮೊಗ್ಗಿನಲ್ಲೇ ಕೊಯ್ದು 2ರಿಂದ 4 ಡಿಗ್ರಿ ತಂಪಿನಲ್ಲಿ ಇಡಬಹುದು. ಅದೇ ತಂಪಿನಲ್ಲಿ ಆಂಥೂರಿಯಂ ಇಟ್ಟರೆ ಕಪ್ಪಾಗಿ ಕೆಡುತ್ತದೆ. ಮನೆಯ ಫ್ರಿಜ್ ಅದಕ್ಕೆ ಶತ್ರು. ತಂಪಾದ ಕೋಣೆಯಲ್ಲಿ ನೀರಿಗಿಟ್ಟರೆ ಎರಡು ವಾರವೂ ನಿಂತೀತು. ಕೊಡಗಿನ ಹವೆ ಮತ್ತು ನೆರಳು ಇದಕ್ಕೆ ಒಗ್ಗುವುದರಿಂದ ಹಲವು ಮನೆಗಳ ಮಹಿಳೆಯರು ನೆರಳುಬಲೆಯಡಿ ಇದನ್ನು ಬೆಳೆಯುತ್ತಿದ್ದಾರೆ. ಮಲ್ಲಿಗೆಯಾದರೋ ಅಂದೇ ಮುಡಿಗೇರಬೇಕು.

ಆ ಮಲ್ಲಿಗೆಯನ್ನೇ ನಂಬಿ ಬದುಕುವ ಊರೊಂದರಿಂದ ನಾವು ಕಲಿಯುವುದಿದೆ. ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ಬೆಳಗಿನ ಜಾವವೇ ಮೊಗ್ಗು ಕೊಯ್ದು, ಮನೆಮಂದಿ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅಲ್ಲಿ ತೂಕದ ಲೆಕ್ಕವಿಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ಆಯಾ ದಿನದ ದರ ಅಂದೇ ಗೊತ್ತಾಗುತ್ತದೆ; ಹೂವು ಕಟ್ಟೆಗೆ ಬಂದು ಅಲ್ಲಿಂದ ಪೇಟೆಗಳಿಗೆ ಹೊರಡುತ್ತದೆ. ಅಳತೆ ಒಂದೇ, ಸೇರುವ ಜಾಗ ಒಂದೇ, ದರವೂ ಎಲ್ಲರಿಗೂ ಒಂದೇ ಆದ್ದರಿಂದ ಹತ್ತು ಗಿಡದವರಿಗೂ ಅಲ್ಲಿ ಮಾರುಕಟ್ಟೆಯಿದೆ.

ಹೊರಗಿನ ಹೂವನ್ನೇ ನೆಚ್ಚುವುದರಲ್ಲಿ ಇನ್ನೊಂದು ಅಪಾಯವೂ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸುಳ್ಯ ರಸ್ತೆ ಕಡಿದುಹೋದದ್ದನ್ನು ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಊರಿಗೆ ಒದಗುವುದು ಊರಿನ ಹೂವೊಂದೇ.

ಆದುದರಿಂದ ನಮ್ಮ ಸಲಹೆ ಇಷ್ಟು. ಮೊದಲು ಬೇಡಿಕೆ, ಅನಂತರ ಕೊಯ್ಲು. ಯಾರ ಮನೆಯಲ್ಲಿ ಯಾವ ಹೂವು, ವಾರಕ್ಕೆ ಎಷ್ಟು ದಂಟು ಎಂಬ ಪಟ್ಟಿ ಒಂದೆಡೆ ಇರಲಿ. ಹೂವು ಬೆಳಿಗ್ಗೆ ಎಂಟರೊಳಗೆ ಒಂದೇ ಜಾಗಕ್ಕೆ ಬರಲಿ. ಬಕೆಟ್ಟಿನ ನೀರು ದಿನವೂ ಬದಲಾಗಲಿ. ಉಳಿದ ಹೂವಿನ ನಷ್ಟ ಯಾರದೆಂಬುದು ಮೊದಲ ದಿನವೇ ತೀರ್ಮಾನವಾಗಲಿ; ಇಂಥ ಕೂಡುವ್ಯಾಪಾರ ಮುರಿಯುವುದು ಹೆಚ್ಚಾಗಿ ಅಲ್ಲಿಯೇ.

ಕಾಫಿ, ಅಡಿಕೆಯ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಹೂವಿನ ಹಣ ಸಣ್ಣದು. ಆದರೆ ವಾರವಾರವೂ ಬರುತ್ತದೆ, ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಗೇ ಸೇರುತ್ತದೆ. ಆಸಕ್ತಿಯುಳ್ಳ ಸದಸ್ಯರು ತಮ್ಮಲ್ಲಿರುವ ಗಿಡಗಳ ಲೆಕ್ಕವನ್ನು ಮುಂದಿನ ಸಭೆಯೊಳಗೆ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.