ಎಲೆಕ್ಟ್ರಾನು ಹೋದರೆ ಬಂಧ ಬಿಗಿ: ಆಮ್ಲಜನಕದ ಪಾಠ

ರಸಾಯನಶಾಸ್ತ್ರದ ವಿದ್ಯಾರ್ಥಿಗಳನ್ನು ತಬ್ಬಿಬ್ಬುಗೊಳಿಸುವ ಪ್ರಶ್ನೆಯೊಂದಿದೆ. ಪರಮಾಣುಗಳನ್ನು ಬೆಸೆಯುವುದು ಎಲೆಕ್ಟ್ರಾನುಗಳೆಂದಾದರೆ, ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತಾಗ ಬಂಧ ಸಡಿಲಗೊಳ್ಳಬೇಕಲ್ಲವೆ? ವಾಸ್ತವದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

ಬೆಸೆದುಕೊಂಡ ಎರಡು ಪರಮಾಣುಗಳ ನ್ಯೂಕ್ಲಿಯಸ್‌ಗಳ ನಡುವಣ ಸರಾಸರಿ ಅಂತರವೇ ಬಂಧದ ಉದ್ದ. ಇದನ್ನು ಪಿಕೋಮೀಟರುಗಳಲ್ಲಿ ಹೇಳುವುದು ರೂಢಿ. ಒಂದು ಮಿಲಿಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ದೊರೆಯುವ ಒಂದು ಭಾಗವೇ ಪಿಕೋಮೀಟರು. ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಈ ಅಂತರ ಸುಮಾರು 121. ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಧನ ಅಯಾನಿನಲ್ಲಿ ಅದು 112ಕ್ಕೆ ಇಳಿಯುತ್ತದೆ. ಒಂದು ಎಲೆಕ್ಟ್ರಾನು ಹೆಚ್ಚಿರುವ ಸೂಪರಾಕ್ಸೈಡ್ ಅಯಾನಿನಲ್ಲಿ 133ರ ಆಸುಪಾಸಿಗೂ, ಎರಡು ಹೆಚ್ಚಿರುವ ಪೆರಾಕ್ಸೈಡ್ ಅಯಾನಿನಲ್ಲಿ 149ರ ಆಸುಪಾಸಿಗೂ ಏರುತ್ತದೆ.

ಕಾರಣವಿಷ್ಟೆ: ಅಣುವಿನ ಎಲ್ಲ ಎಲೆಕ್ಟ್ರಾನುಗಳೂ ಬೆಸೆಯುವ ಕೆಲಸ ಮಾಡುವುದಿಲ್ಲ. ಆಮ್ಲಜನಕದ ಅಣುವಿನ ಹೊರಕವಚದ 12 ಎಲೆಕ್ಟ್ರಾನುಗಳಲ್ಲಿ 8 ಬಂಧಕ ಕಕ್ಷಕಗಳಲ್ಲಿದ್ದರೆ, ಉಳಿದ 4 ಬಂಧವಿರೋಧಿ ಕಕ್ಷಕಗಳಲ್ಲಿವೆ. ಇವೆರಡರ ವ್ಯತ್ಯಾಸದ ಅರ್ಧ, ಅಂದರೆ 2, ಬಂಧದ ಬಲವನ್ನು ಸೂಚಿಸುತ್ತದೆ. ಕಿತ್ತುಹೋಗುವುದು ವಿರೋಧಿ ಎಲೆಕ್ಟ್ರಾನು. ಆದ್ದರಿಂದ ಈ ಸಂಖ್ಯೆ 2.5 ಆಗಿ ಬಂಧ ಬಿಗಿಯುತ್ತದೆ. ಹೊಸದಾಗಿ ಸೇರುವುವೂ ವಿರೋಧಿ ಪಕ್ಷಕ್ಕೇ ಸೇರುವುದರಿಂದ ಸೂಪರಾಕ್ಸೈಡಿನಲ್ಲಿ ಅದು 1.5, ಪೆರಾಕ್ಸೈಡಿನಲ್ಲಿ 1.

ಇದನ್ನೇ ಎಲ್ಲೆಡೆಗೂ ಅನ್ವಯಿಸಿದರೆ ತಪ್ಪಾದೀತು. ಸಾರಜನಕದ ಅಣು ಕಳೆದುಕೊಳ್ಳುವುದು ಬಂಧಕ ಎಲೆಕ್ಟ್ರಾನನ್ನು. ಅಲ್ಲಿ ಉದ್ದ ಸುಮಾರು 110ರಿಂದ 112ಕ್ಕೆ ಹೆಚ್ಚುತ್ತದೆ. ಹೋದದ್ದು ಎಷ್ಟು ಎಂಬುದಕ್ಕಿಂತ, ಎಲ್ಲಿಂದ ಹೋಯಿತು ಎಂಬುದೇ ಮುಖ್ಯ.

ಆಮ್ಲಜನಕದ ಈ ಧನ ಅಯಾನು ಕೇವಲ ಪಠ್ಯದ ಕಲ್ಪನೆಯಲ್ಲ. 1962ರಲ್ಲಿ ಕೆನಡಾದಲ್ಲಿದ್ದ ನೀಲ್ ಬಾರ್ಟ್ಲೆಟ್, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದಿಂದ ಎಲೆಕ್ಟ್ರಾನನ್ನು ಕಸಿದು, ಈ ಅಯಾನಿರುವ ಲವಣವನ್ನು ಉಂಟುಮಾಡುತ್ತದೆಂದು ತೋರಿಸಿದರು. ಕ್ಸೆನಾನ್‌ನಿಂದ ಎಲೆಕ್ಟ್ರಾನನ್ನು ಕೀಳಲೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಸಾಕೆಂಬುದು ಅವರಿಗೆ ಹೊಳೆಯಿತು. ಯಾವುದರೊಂದಿಗೂ ಬೆರೆಯದೆಂದು ನಂಬಲಾಗಿದ್ದ ಆ ಅನಿಲ ಅದೇ ವರ್ಷ ಸಂಯುಕ್ತವಾಯಿತು.

ಔಷಧದಂಗಡಿಯ ಹೈಡ್ರೊಜನ್ ಪೆರಾಕ್ಸೈಡನ್ನು ಬೆಳಕು ತಾಗದ ಬಾಟಲಿಯಲ್ಲಿಡುವುದಕ್ಕೂ ಈ ಅಳತೆಗೂ ನಂಟುಂಟು. ಅದರೊಳಗಿನ ಎರಡು ಆಮ್ಲಜನಕ ಪರಮಾಣುಗಳ ನಡುವಣ ಬಂಧ ಉದ್ದವಾದದ್ದು, ಹಾಗಾಗಿಯೇ ದುರ್ಬಲವಾದದ್ದು. ಬೆಳಕೇ ಅದನ್ನು ಮುರಿಯಬಲ್ಲುದು.